ಗಂಡಸರಿಗೆ ಕೇಳದ ಹಾಡು

"ನಾ ಇನ್ನ ಹಾಡೂದಿಲ್ಲ ಯವ್ವಾ! ಹಾಡಿ ಹಾಡಿ ಸಾಕಾಗೇತಿ. ಇವತ್ತ ಸಂಜಿಕೆ ಅವರು ಬರ್ಲಿ, ಬಾಯಿಬಿಟ್ಟು ಮಾತಿನಾಗ ಹೇಳತೀನಿ. ನಿನ್ನ ಹಾಡನ್ನ ಹೇಳತೀನಿ!"

"ಹೇಳ ನೋಡೂನು! ನಾಲಗಿ ಹಿಡದು ಈ ಹರವಿಯೊಳಗ ಅದ್ದಿಬಿಡತೀನಿ!"

ಹೀಗಂದವಳೇ ನಾನು ಕೈಯಲ್ಲಿದ್ದ ತೊಯ್ದ ನೂಲಿನ ಲಡಿಯನ್ನು ಮಗಳ ಮೇಲೆ ಬೀಸಿ ಒಗೆದೆ. ಅದು ಅವಳ ಭುಜಕ್ಕೆ ಬಡಿದು ಕುಪ್ಪಸದ ತುಂಬ ನೀಲಿ ಇಳಿಯಿತು. ಚಂಪವ್ವ ಒರೆಸಿಕೊಳ್ಳಲಿಲ್ಲ. ಲಡಿಯನ್ನು ಎತ್ತಿ, ಹಿಂಡಿ, ಬಿದಿರ ಗಳದ ಮೇಲೆ ಒಣಹಾಕಿ, ಮತ್ತೆ ಬಂದು ನನ್ನ ಎದುರಿಗೇ ನಿಂತಳು. ಸಿಟ್ಟು ಬಂದರೆ ನಾನು ಸಿಕ್ಕಿದ್ದನ್ನು ಎಸೆಯುವವಳು. ನಾನೆಸೆದದ್ದನ್ನು ಎತ್ತಿಟ್ಟು ಮಾತು ಮುಂದುವರಿಸುವವಳು ಅವಳು. ಅವಳಿಗೆ ಮಾತು ಬಂದ ದಿನದಿಂದ ನಮ್ಮಿಬ್ಬರ ಜಗಳ ಹೀಗೇ ನಡೆದುಬಂದಿದೆ.

ನೀಲಿಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನಮ್ಮೂರಿನ ಹೆಂಗಸರು ದುಡಿಯುವುದು ಅಲ್ಲೇ. ನಮ್ಮ ಮನೆಯ ಹಿತ್ತಿಲಿಗೆ ಅಂಟಿಕೊಂಡು ಕಲ್ಲು ಹಾಸಿದ ಉದ್ದನೆಯ ಕಟ್ಟೆ, ಅದರಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ದೊಡ್ಡ ದೊಡ್ಡ ಹರವಿಗಳು, ಹರವಿಗಳ ತುಂಬ ಬಣ್ಣ. ನೂಲಿನ ಲಡಿಯನ್ನು ಅದ್ದಿ ಎತ್ತಿದಾಗ ಹಸಿರಾಗಿರುತ್ತದೆ, ಗಾಳಿಗೆ ಹಿಡಿದರೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಮತ್ತೆ ಅದ್ದುವುದು, ಮತ್ತೆ ಹಿಂಡುವುದು. ಗಂಡಸರು ಅದನ್ನು ಮನೆಯ ಮಗ್ಗದ ಮೇಲೆ ನೇಯುತ್ತಾರೆ. ಕಟ್ಟೆಗೆ ಗಂಡಸರು ಬರಬಾರದು ಅಂತ ಯಾರೂ ಹೇಳಿಲ್ಲ. ಬಂದು ಮಾಡುವುದೇನು? ನಾವು ಬೆಳಗಿನಿಂದ ಸಂಜೆಯವರೆಗೆ ಹಾಡುತ್ತೇವೆ, ಅವರಿಗೆ ನೀರಿನ ಸಪ್ಪಳ ಮಾತ್ರ ಕೇಳಿಸುತ್ತದೆ.

ನಮ್ಮೂರಿನಲ್ಲಿ ಹೆಂಗಸರ ಹಾಡು ಗಂಡಸರಿಗೆ ಕೇಳಿಸುವುದಿಲ್ಲ. ಮಾತು ಕೇಳಿಸುತ್ತದೆ, ಬೈಗುಳ ಕೇಳಿಸುತ್ತದೆ, ಅಳು ಕೇಳಿಸುತ್ತದೆ. ರಾಗ ಎತ್ತಿದೆವೋ, ಅವರಿಗೆ ಬಾಯಿ ಆಡುವುದಷ್ಟೇ ಕಾಣುತ್ತದೆ. ಪರವೂರಿನ ಗಂಡಸಾದರೂ ಅಗಸೆಬಾಗಿಲು ದಾಟಿ ಒಳಗೆ ಬಂದನೆಂದರೆ ಅವನಿಗೂ ಅಷ್ಟೇ. ಒಮ್ಮೆ ನಾಟಕದ ಕಂಪನಿ ಬಂದಿತ್ತು. ನಾಯಕಿ ಹಾಡಿಗೆ ನಿಂತಳು. ಹಾರ್ಮೋನಿಯಂ ಪೇಟಿ ಬಾರಿಸುವವನಿಗೇ ಅವಳ ದನಿ ಕೇಳಿಸದೆ ಅವನು ಒಂದು ದಾರಿ, ಅವಳು ಒಂದು ದಾರಿ. ಗಂಡಸರು ಸೀಟಿ ಹೊಡೆದು ಎದ್ದುಹೋದರು. ನಾವು ಹೆಂಗಸರು ಮಂಗಳಾರತಿಯವರೆಗೂ ಕೂತು, ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದೆವು. ತೊಟ್ಟಿಲ ಕೂಸಿಗೆ ಗಂಡಾಗಲಿ ಹೆಣ್ಣಾಗಲಿ ಜೋಗುಳ ಕೇಳಿಸುತ್ತದೆ. ಗಂಡುಮಗ ಬೆಳೆದು ಒಂದು ದಿನ, "ಯವ್ವಾ, ಸುಮ್ನ ಯಾಕ ಬಾಯಿ ಆಡಸ್ತಿ?" ಅಂತ ಕೇಳುತ್ತಾನಲ್ಲ, ಅಂದು ತಾಯಿಯಾದವಳು ಹೋಳಿಗೆ ಮಾಡಿ ಬಡಿಸಿ, ಅವನ ಹಾಸಿಗೆಯನ್ನು ಪಡಸಾಲೆಗೆ ಹಾಕುತ್ತಾಳೆ. ಹಾಕಿ, ಒಳಗೆ ಬಂದು ಸ್ವಲ್ಪ ಅಳುತ್ತಾಳೆ.

ಹೀಗಿರುವಾಗ ನಾವು ಏನು ಹಾಡುತ್ತೇವೆ ಅಂತ ಕೇಳಬೇಕೆ? ಗಂಡಂದಿರಿಗೆ ದೇವರ ಹಾಡು ಅಂತ ಹೇಳಿಟ್ಟಿದ್ದೇವೆ. ಅವರು ನಂಬಿದ್ದಾರೆ. ಕೆಲವರು ಹೆಂಡತಿ ಬಾಯಿ ತೆರೆದರೆ ಭಕ್ತಿಯಿಂದ ಟೊಪ್ಪಿಗೆ ತೆಗೆಯುವುದೂ ಉಂಟು. ಅವರೆದುರಿಗೆ ನಿಂತು ನಾವು ಹಾಡುವುದು ಅವರನ್ನೇ. ಕಟ್ಟೆಯ ಮೇಲೆ ನನ್ನ ಎಡಕ್ಕೆ ಕೂರುವ ಸಾಕ್ರವ್ವ ತನ್ನ ಅಪ್ಪನ ಮೇಲೆ ಕಟ್ಟಿದ ಹಾಡೊಂದಿದೆ:

ಎತ್ತ ಕೊಳ್ಳಾಕ ಹೋದ್ರ ಹಲ್ಲೆಣಿಸತಾನಪ್ಪ
ಮಗಳೀಗಿ ಗಂಡನ ತರುವಾಗ, ನನ್ನಪ್ಪ
ಹೊಲದ ಬದುವಷ್ಟ ನೋಡ್ಯಾನ.

ಮುದುಕಿ ತಿಪ್ಪವ್ವನದು ಇನ್ನೊಂದು. ಅವಳ ಗಂಡ ಸತ್ತು ಬಹಳ ವರ್ಷವಾಯಿತು. ಕಟ್ಟೆಯ ಮೂಲೆಯ ಒಂದು ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಅವನ ಫೋಟೋಕ್ಕೆ ದಿನಾ ಊದಿನಕಡ್ಡಿ ಹಚ್ಚುತ್ತಾಳೆ.

ಇದ್ದಾಗ ಗುರುಗುಟ್ಟಿ ಸತ್ತಾಗ ದೇವರು
ಗ್ವಾಡಿಯ ಮ್ಯಾಲ ನಗತಾನ, ನನರಾಯ
ಈಗೀಗ ನನಗ ಪಿರುತ್ಯಾತ.

ಇದನ್ನು ಅವಳು ಹಾಡಿದಾಗಲೆಲ್ಲ ಕಟ್ಟೆ ಬಿದ್ದು ಬಿದ್ದು ನಗುತ್ತದೆ. ಆದರೆ ಹುಡುಗಿ ದೊಡ್ಡವಳಾದಾಗ, ನಿಶ್ಚಯವಾದಾಗ, ಮದುವಣಗಿತ್ತಿಗೆ ಅರಿಸಿನ ಹಚ್ಚುವಾಗ ಹಾಡುತ್ತಿದ್ದದ್ದು ತಿಪ್ಪವ್ವನದಲ್ಲ, ಸಾಕ್ರವ್ವನದೂ ಅಲ್ಲ, ನನ್ನದು. ಬಾಳವ್ವನ ಹಾಡು ಅಂದರೆ ಓಣಿಯ ಕೂಸಿಗೂ ಗೊತ್ತಿತ್ತು. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನಿಂದ ಇನ್ನೇನೂ ಆಗಲಿಲ್ಲ, ಆ ಹಾಡೊಂದು ಆಯಿತು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಕಟ್ಟಿದ್ದು. ಅದನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಯಾಕೆಂಬುದನ್ನೇ ಹೇಳಲು ಹೊರಟಿದ್ದೇನೆ.

ಹಾಡಿನಲ್ಲಿದ್ದದ್ದನ್ನು ಹೆಂಗಸು ಗಂಡಸಿಗೆ ಮಾತಿನಲ್ಲಿ ಹೇಳಿದಳೆಂದರೆ ಆ ಹಾಡು ಹೋಗಿಬಿಡುತ್ತದೆ. ಒಬ್ಬಳ ಬಾಯಿಂದಲ್ಲ, ಎಲ್ಲರ ಬಾಯಿಂದಲೂ. ಮಾತು ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಸಂಗವ್ವ ಅನ್ನುವವಳು ಹೊಟ್ಟೆಯ ಉರಿ ತಡೆಯಲಾರದೆ ಅತ್ತೆಯ ಮೇಲಿನ ಹಾಡನ್ನು ಗಂಡನ ಮುಂದೆ ಮಾತಿನಲ್ಲಿ ಒದರಿಬಿಟ್ಟಳಂತೆ. ಅಂದಿನಿಂದ ನಮ್ಮೂರಿನಲ್ಲಿ ಅತ್ತೆಯ ಹಾಡಿಲ್ಲ. ಹೊಸದಾಗಿ ಕಟ್ಟಲು ಹೋದವರ ನಾಲಿಗೆ ಮೊದಲ ಸಾಲಿಗೇ ನಿಲ್ಲುತ್ತದೆ. ಸೊಸೆಯಂದಿರು ಸಂಗವ್ವನಿಗೆ ಇವತ್ತಿಗೂ ಶಾಪ ಹಾಕುತ್ತಾರೆ.

ಇದೆಲ್ಲ ಗೊತ್ತಿದ್ದೂ ನನ್ನ ಮಗಳು ನನ್ನ ಹಾಡನ್ನು ಗಂಡನಿಗೆ ಹೇಳುತ್ತೇನೆ ಅನ್ನುತ್ತಿದ್ದಳು. ಅವಳ ಮದುವೆಯಾಗಿ ವರ್ಷ ಕಳೆದಿತ್ತು. ಗಂಡ ಫಕೀರೇಶ, ಕೆಳಗಿನ ಓಣಿಯವನು, ಒಳ್ಳೆಯ ನೇಕಾರ. ಕುಡಿಯುವವನಲ್ಲ, ಬಡಿಯುವವನಲ್ಲ. ಹಬ್ಬಕ್ಕೆ ಅಂತ ತವರಿಗೆ ಬಂದ ಚಂಪವ್ವ ಹಬ್ಬ ಮುಗಿದರೂ ಹೋಗಿರಲಿಲ್ಲ. ಕರೆಯಲು ಬಂದ ಅವನ ತಂಗಿಯನ್ನು ಬರಿಗೈಯಲ್ಲಿ ಕಳಿಸಿದ್ದಳು. ಈಗ ಅವನೇ ಸಂಜೆಗೆ ಬರುತ್ತೇನೆಂದು ಹೇಳಿಕಳಿಸಿದ್ದ.

"ಅವ ಏನ್ ಕೆಟ್ಟವನೇನ?" ಅಂತ ಕೇಳಿದೆ.

"ಕೆಟ್ಟವರಾಗಿದ್ರ ನಿನ್ನ ಹಾಡು ಯಾಕ ಬೇಕಾಗಿತ್ತು? ಎದ್ದು ಬಂದಬಿಡತಿದ್ದೆ. ಅವರಿಗೆ ಗೊತ್ತಿಲ್ಲ, ಅಷ್ಟ. ದಿನಾ ಹಾಡೀನಿ. ಹಾಸಿಗಿ ಮ್ಯಾಲ ಕೂತು ಹಾಡೀನಿ. ನನ್ನ ಬಾಯಿ ನೋಡತಾರ, ಆಕಳಿಸತಾರ, ದೀಪಾ ಆರಿಸತಾರ."

ಸಾಕ್ರವ್ವ ಕಿಸಕ್ಕನೆ ನಕ್ಕಳು. ನಾನು ಅವಳ ಕಡೆ ಕಣ್ಣು ಬಿಟ್ಟೆ.

"ಹೇಳೂದಿದ್ರ ನಿಂದ ನೀ ಹೇಳ. ನಿನಗ ಬಾಯಿಲ್ಲೇನು? ನನ್ನ ಹಾಡಿಗೆ ಯಾಕ ಕೈ ಹಾಕ್ತಿ?"

ಚಂಪವ್ವ ತಡೆದು ತಡೆದು ಹೇಳಿದಳು. "ಹುಡುಕೀನಿ ಯವ್ವಾ. ನನ್ನ ಮಾತು ಅಂತ ಒಂದೂ ಇಲ್ಲ. ಇದನ್ನೆಲ್ಲ ಮಾತಿನಾಗ ಅಂದಾಕಿ ಈ ಊರಾಗ ಯಾರದಾರ, ಅವರ ಕಡಿಂದ ಕಲಿಯಾಕ? ಯಾವ ಮೂಲಿ ಹುಡುಕಿದ್ರೂ ಬರೂದು ನಿನ್ನ ಹಾಡ. ನನಗ ಬೇಕು ಅನ್ನೂದ ನಾ ನಿನ್ನ ಹಾಡಿನಾಗ ಕಲತೀನಿ. ನೀ ಅದನ್ನ ಹಾಡದ ಇದ್ದಿದ್ರ ನಾನೂ ಸುಮ್ನ ಮಲಗಿರತಿದ್ದೆ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಉತ್ತರ ತೋಚದಿದ್ದಾಗ ನನಗೆ ಸಿಟ್ಟು ಇನ್ನೂ ಜಾಸ್ತಿ.

"ಅದು ನನ್ನೊಬ್ಬಾಕಿದಲ್ಲ, ತಿಳಕೋ. ಇವರೆಲ್ಲರದೂ ಐತಿ. ಕೇಳಿಯೇನು ಇವರನ್ನ?"

ಅವಳು ಕೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಕ್ರವ್ವ, "ಬ್ಯಾಡವಾ ತಂಗಿ. ನಾನು ಮನಿಗೆ ಹೋಗೂ ಮುಂಚೆ ಅದನ್ನೊಂದು ಹಾಡಿ ಎದ್ದರ ಕಾಲು ಮನಿ ಕಡಿ ಏಳತಾವು. ಇಲ್ಲಂದ್ರ ಏಳೂದಿಲ್ಲ" ಅಂದಳು. ಹೌದೌದು ಅಂತ ಹತ್ತು ಬಾಯಿ ಎದ್ದವು. ಮೊನ್ನೆ ಮೊನ್ನೆ ನಿಶ್ಚಯವಾದ ಹುಡುಗಿಯೊಬ್ಬಳು ಅಳುವುದಕ್ಕೇ ಶುರು ಮಾಡಿದಳು, ತನ್ನ ಅರಿಸಿನಕ್ಕೆ ಏನು ಹಾಡುತ್ತೀರಿ ಅಂತ. ನನಗೆ ಹೆಮ್ಮೆಯಾಯಿತು. ನೋಡಿದೆಯಾ ಅನ್ನುವಂತೆ ಮಗಳ ಮುಖ ನೋಡಿದೆ.

ತಿಪ್ಪವ್ವ ಮಾತ್ರ ಮೂಲೆಯಲ್ಲಿ ಕೂತು ಕೈಗೆ ಹತ್ತಿದ ಬಣ್ಣವನ್ನು ಹುಣಸೆಹಣ್ಣಿನಿಂದ ತಿಕ್ಕಿಕೊಳ್ಳುತ್ತಿದ್ದಳು. "ಏ ಬಾಳವ್ವಾ," ಅಂದಳು, "ಆ ಹಾಡು ಕಟ್ಟಿದಾಗ ನಿನ್ನ ಗಂಡಗ ಕೇಳ್ಲಿ ಅಂತ ಕಟ್ಟಿದ್ಯೋ, ಕೇಳಬಾರದು ಅಂತ ಕಟ್ಟಿದ್ಯೋ?"

"ನಿನ್ನ ಹಣೆಬರಹ! ಮುದುಕಿಗೆ ಮಾಡಾಕ ಕೆಲಸಿಲ್ಲ!" ಅಂದು ನಾನು ದಡದಡ ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಬಂದೆ.

ನನ್ನ ಗಂಡ ಬಸಲಿಂಗಪ್ಪ ಮಧ್ಯಾಹ್ನದ ಊಟಕ್ಕೆ ಮಗ್ಗದಿಂದ ಎದ್ದು ಕೈ ತೊಳೆಯುತ್ತಿದ್ದ. ಅವನ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ಒಂದು ದಿನ ಕೈ ಎತ್ತಿದವನಲ್ಲ. ನನ್ನ ಸಿಟ್ಟಿಗೆ ಬೇರೆ ಗಂಡಸಾಗಿದ್ದರೆ ದಿನಕ್ಕೊಂದು ರಾಮಾಯಣವಾಗುತ್ತಿತ್ತು. ಅವನು ತಾಟಿನ ಮುಂದೆ ಕೂತ, ನಾನು ರೊಟ್ಟಿ ಹಾಕಿದೆ. ಹಾಕಿ, ಎದುರಿಗೆ ಗೋಡೆಗೆ ಆನಿಕೊಂಡು ನಿಂತು, ನನ್ನ ಹಾಡನ್ನು ಎತ್ತಿದೆ. ಮೊದಲ ನುಡಿಯಿಂದ ಕೊನೆಯ ನುಡಿಯವರೆಗೆ ಒಂದು ಅಕ್ಷರ ಬಿಡದೆ ಹಾಡಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಡಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಚಂಪವ್ವ ಬಂದು ನಿಂತದ್ದು ಕಂಡಿತು. ಕಂಡರೂ ನಿಲ್ಲಿಸಲಿಲ್ಲ. ಕೇಳು, ಹಾಡು ಅಂದರೆ ಹೀಗೆ, ಇದನ್ನು ನೀನು ಹಾಳು ಮಾಡುತ್ತೀಯಾ ಅನ್ನುವ ಹಟ ನನ್ನದು.

ಗಂಡ ರೊಟ್ಟಿ ಮುರಿಯುತ್ತ ನನ್ನ ಬಾಯನ್ನೇ ನೋಡುತ್ತಿದ್ದ. ಹಾಡು ಮುಗಿಯಿತು.

"ಬಾಯಿ ಒಣಗಿರತೈತಿ, ನೀರ ಕುಡಿ," ಅಂದ. ತನ್ನ ತಂಬಿಗೆಯನ್ನೇ ಸರಿಸಿದ.

ಕುಡಿದೆ. ನೀರು ತಣ್ಣಗಿತ್ತು. ಮನಸ್ಸು ಹಗುರಾಗಿತ್ತು, ಯಾವಾಗಲೂ ಆಗುವ ಹಾಗೆ. ಆ ಹಗುರದಲ್ಲೇ ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ. ಬಾಗಿಲ ಕಡೆ ತಿರುಗಿದಾಗ ಚಂಪವ್ವ ಇರಲಿಲ್ಲ.

ಆಮೇಲೆ ಸಂಜೆಯವರೆಗೆ ನಾನು ಮಾಡಿದ್ದು ಒಂದೇ ಕೆಲಸ, ಅವಳನ್ನು ಕಳಿಸುವ ತಯಾರಿ. ಅವಳ ಸೀರೆಗಳನ್ನು ಮಡಚಿ ಗಂಟು ಕಟ್ಟಿದೆ. ಬುತ್ತಿ ಕಟ್ಟಿದೆ. ಅಳಿಯ ಬಂದ, ಉಂಡ, ಕರಕೊಂಡು ಹೋದ ಅಂತಾಗಬೇಕು. ನಡುವೆ ಇಬ್ಬರಿಗೂ ಮಾತಿಗೆ ಪುರುಸೊತ್ತು ಕೊಡಬಾರದು. ಅವರ ಮನೆ ಸೇರಿದ ಮೇಲೆ ಹೇಳಿದರೆ? ಅದಕ್ಕೂ ಉಪಾಯ ಹುಡುಕಿದೆ. ಬುತ್ತಿ ಕಟ್ಟಿ ಮುಗಿಸಿ ಮಗಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದೆ, ಹೂವು ಮುಡಿಸಿದೆ, "ನನ್ನ ಮ್ಯಾಲ ಆಣಿ ಮಾಡು" ಅಂದೆ.

"ಏನಂತ?"

"ಹೇಳೂದಿಲ್ಲಂತ."

ಅವಳು ನನ್ನ ನೀಲಿ ಹತ್ತಿದ ಕೈಯನ್ನು ತನ್ನ ತಲೆಯ ಮೇಲಿಂದ ಮೆಲ್ಲಗೆ ತೆಗೆದು ಕೆಳಗಿಟ್ಟಳು. ಆಣೆ ಮಾಡಲಿಲ್ಲ.

ಫಕೀರೇಶ ಬಂದಾಗ ಹೊತ್ತು ಇಳಿದಿತ್ತು. ಹಿತ್ತಿಲ ಆಚೆ ಕಟ್ಟೆಯ ಮೇಲೆ ಹೆಂಗಸರು ಕಡೆಯ ಲಡಿಗಳನ್ನು ಹಿಂಡುತ್ತಿದ್ದರು. ಕೆಲಸ ಮುಗಿಸಿ ಏಳುವ ಹೊತ್ತಾದ್ದರಿಂದ ನನ್ನ ಹಾಡನ್ನು ಎತ್ತಿಕೊಂಡಿದ್ದರು. ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಳಿಯನಿಗೆ ಕಾಲಿಗೆ ನೀರು ಕೊಟ್ಟೆ, ಮಣೆ ಹಾಕಿದೆ, "ಉಂಡು ಬೇಗ ಹೊರಡ್ರಿ, ಕತ್ತಲಾಕ್ಕೈತಿ" ಅಂದೆ. ಅವನು ಮಣೆಯ ಮೇಲೆ ಕೂರಲಿಲ್ಲ. ಅವನ ಮುಖ ಬಿಗಿದುಕೊಂಡಿತ್ತು. ಹೆಂಡತಿ ತವರಿನಿಂದ ಬರುತ್ತಿಲ್ಲ ಅಂತ ಓಣಿಯ ಗೆಳೆಯರು ಅವನನ್ನು ಆಡಿಕೊಂಡಿದ್ದರಂತೆ.

"ಊಟ ಆಮ್ಯಾಲ ಅತ್ತಿ," ಅಂದ. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ನನ್ನ ಗಂಡನ ಕಡೆ ತಿರುಗಿದ. "ಮಾವಾ, ನಿಮ್ಮ ಮಗಳಿಗೆ ನಾ ಏನು ಕಡಿಮಿ ಮಾಡೀನಿ, ನಿಮ್ಮ ಮುಂದ ಹೇಳ್ಲಿ. ಉಣ್ಣಾಕಿಲ್ಲೇನು, ಉಡಾಕಿಲ್ಲೇನು? ನಮ್ಮವ್ವ ಏನರ ಅಂದಾಳೇನು? ಹೇಳ್ಲಿ. ಹೇಳಿದ ಮ್ಯಾಲ ಉಣ್ಣತೀನಿ."

"ಹೇಳವಾ ಚಂಪಾ," ಅಂದ ನನ್ನ ಗಂಡ. "ಏನಾಗೇತಿ ಅಂತಾದ್ದು?"

ಚಂಪವ್ವ ಒಳಗಿನಿಂದ ಬಂದು ನಡುಬಾಗಿಲಿನಲ್ಲಿ ನಿಂತಳು. ಬಾಯಿ ತೆರೆದಳು. ನಾನು ಹಾರಿ ಹೋಗಿ ಅವಳ ಬಾಯಿಯ ಮೇಲೆ ಕೈಯಿಟ್ಟೆ. ಕಾಲಿಗೆ ನೀರು ಕೊಟ್ಟು ಇನ್ನೂ ಒದ್ದೆಯಿದ್ದ ಎರಡೂ ಕೈ. ಗಂಡಸರಿಬ್ಬರೂ ಬೆಪ್ಪಾಗಿ ನೋಡಿದರು. ಅವಳು ಕೊಸರಾಡಲಿಲ್ಲ. ನನ್ನ ಅಂಗೈಗೆ ಅವಳ ಬಿಸಿ ಉಸಿರು ತಾಗುತ್ತಿತ್ತು. ಕಣ್ಣು ನನ್ನ ಕಣ್ಣಿನಲ್ಲೇ ಇತ್ತು.

"ಇದೇನು ಹುಚ್ಚಾಟ? ಬಿಡು ಅಕೀನ್ನ," ಅಂದ ನನ್ನ ಗಂಡ.

"ಬಿಡೂದಿಲ್ಲ!"

ಆಗ ಫಕೀರೇಶ ಎರಡು ಹೆಜ್ಜೆ ಹತ್ತಿರ ಬಂದ. ಬಿಗಿದಿದ್ದ ಮುಖ ಸಡಿಲವಾಗಿತ್ತು, ಹೆದರಿದವನ ಹಾಗೆ ಕಾಣುತ್ತಿದ್ದ. "ಬಿಡ್ರಿ ಅತ್ತಿ," ಅಂದ. "ಅಕಿ ಏನ ಅಂದ್ರೂ ಅನ್ಲಿ. ನನಗ ಕೇಳಬೇಕಾಗೇತಿ."

ನನ್ನ ಇಷ್ಟು ವಯಸ್ಸಿನಲ್ಲಿ ಯಾವ ಗಂಡಸೂ ನಮ್ಮೂರಿನಲ್ಲಿ ಈ ಮಾತು ಅಂದದ್ದನ್ನು ನಾನು ಕೇಳಿರಲಿಲ್ಲ. ಕೈ ತೆಗೆಯಬೇಕು ಅಂತ ನಾನು ತೆಗೆಯಲಿಲ್ಲ. ತೆಗೆಯಬಾರದು ಅಂತ ಹಿಡಿದೂ ಇಟ್ಟುಕೊಳ್ಳಲಿಲ್ಲ. ಕೈ ಕೆಳಗೆ ಬಂದವು. ಚಂಪವ್ವನ ತುಟಿ, ಗಲ್ಲ ಎಲ್ಲ ನೀಲಿಯಾಗಿತ್ತು.

ಅವಳು ಹೇಳಿದಳು. ಹಾಡಿನಲ್ಲಿ ಗಂಡನಿಗೆ ನೀನು ಅನ್ನುತ್ತೇವೆ, ಅವಳೂ ಹಾಗೇ ಅಂದಳು. ಅದೊಂದಕ್ಕೇ ನನ್ನ ಗಂಡ ಎಲೆ ಮಡಚುವುದನ್ನು ನಿಲ್ಲಿಸಿದ.

"ನೀ ನನ್ನ ಹತ್ತರ ಬರೂದು ಕೆಲಸಕ್ಕ ಹೋದಂಗ. ಮುಗಸ್ತಿ, ಮಗ್ಗಲಾ ತಿರುಗ್ತಿ, ಗೊರಕಿ ಹೊಡೀತಿ. ನಾ ಎಚ್ಚರಿರತೀನಿ."

ಮೊದಲ ನುಡಿ ನನ್ನಿಂದ ಹೋಯಿತು. ಹೋದದ್ದು ನನಗೆ ತಿಳಿಯಿತು. ನಾನು ಒಳಗೊಳಗೇ ಕಟ್ಟೆಯವರ ಜೊತೆ ಗುನುಗುತ್ತಿದ್ದೆನಲ್ಲ, ಗುನುಗುವುದಕ್ಕೆ ಮೊದಲ ನುಡಿ ಇರಲಿಲ್ಲ.

"ನೀ ಬೇಕಂದಾಗ ನಾ ಬಾಗಲಾ, ಬ್ಯಾಡಂದಾಗ ನಾ ಗ್ವಾಡಿ. ನನಗೂ ಬೇಕಾಗತೈತಿ. ನನಗ ಬೇಕಾದಾಗ ನೀ ಮಗ್ಗದ ಮುಂದ ಇರ್ತಿ, ಇಲ್ಲಂದ್ರ ಚಾದಂಗಡಿ ಮುಂದ ಇರ್ತಿ. ನಾ ಬಾಯಿಬಿಟ್ಟು ಕೇಳಿದ್ರ ನಾಚಿಗ್ಗೇಡಿ. ನೀ ಕೇಳಿದ್ರ ಗಂಡಸು."

ಎರಡನೆಯ ನುಡಿ ಹೋಯಿತು, ಮೂರನೆಯದೂ ಹೋಯಿತು. ಅವಳು ನಿಲ್ಲಿಸಲಿಲ್ಲ.

"ನನ್ನ ಬೆನ್ನಿನ ಮ್ಯಾಲೊಂದು ಮಚ್ಚಿ ಐತಿ, ನೋಡಿಯೇನು? ನನ್ನ ಕಾಲು ನೋಯತಾವು ಅಂತ ಕೇಳಿಯೇನು? ನನ್ನ ಮುಟ್ಟಬೇಕಾದ್ರ ಬರ್ಲೇನು ಅಂತ ಒಮ್ಮೆರ ಕೇಳು. ಬ್ಯಾಡಾಗಿದ್ರ ಬ್ಯಾಡ ಅಂತೀನಿ. ಬೇಕಾಗಿದ್ರ ಬೇಕು ಅಂತೀನಿ, ಅಂದಾಗ ನನ್ನ ಹಗುರ ಮಾಡಬ್ಯಾಡ. ನೀ ನನ್ನ ಗಂಡ ಅಂತ ಊರಿಗೆಲ್ಲಾ ಗೊತ್ತೈತಿ. ನನ್ನ ಮೈಗೂ ಗೊತ್ತಾಗ್ಲಿ."

ಹಿತ್ತಿಲ ಆಚೆ ಕಟ್ಟೆಯ ಮೇಲೆ ಹಾಡು ನಿಂತುಹೋಯಿತು. ನಡುವಿನಲ್ಲಿ, ಒಂದು ಸಾಲಿನ ಅರ್ಧದಲ್ಲಿ, ಅಷ್ಟೂ ಬಾಯಿಗಳು ಒಮ್ಮೆಲೇ ನಿಂತವು. ಗಂಡಸರಿಬ್ಬರಿಗೆ ಅದೇನೂ ತಿಳಿಯಲಿಲ್ಲ, ಅವರಿಗೆ ಮೊದಲೂ ಅಲ್ಲಿ ಸದ್ದಿರಲಿಲ್ಲ. ನನಗೆ ಮಾತ್ರ ಊರೇ ಉಸಿರು ಹಿಡಿದ ಹಾಗಾಯಿತು. ಆಮೇಲೆ ಯಾರೋ ಒಬ್ಬಳು ಜೋರಾಗಿ ಅತ್ತದ್ದು ಕೇಳಿಸಿತು. ಅದು ಗಂಡಸರಿಗೂ ಕೇಳಿಸಿತು. "ಯಾರಿಗೇನಾತು?" ಅಂತ ನನ್ನ ಗಂಡ ಹಿತ್ತಿಲ ಕಡೆ ನೋಡಿದ.

ಫಕೀರೇಶ ಆ ಕಡೆ ನೋಡಲಿಲ್ಲ. ಅವನ ಕಿವಿ ಕೆಂಪಾಗಿದ್ದವು. ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ, ನನ್ನ ಮಗಳನ್ನು ಇಲ್ಲೇ ಬಿಟ್ಟು ಹೋಗುತ್ತಾನೆ ಅಂತ ನಾನು ಕಾದೆ. ಅವನು ಅವಳ ಮುಖ ನೋಡಿ, "ಈಗ ನಾ ಏನ್ ಮಾಡಬೇಕು?" ಅಂತ ಕೇಳಿದ.

"ನನಗೂ ಗೊತ್ತಿಲ್ಲ," ಅಂದಳು ಚಂಪವ್ವ. ಹೇಳಿ ನಕ್ಕುಬಿಟ್ಟಳು, ಕಣ್ಣಲ್ಲಿ ನೀರಿತ್ತು. "ಕೇಳಿದ್ರಲ್ಲ. ಬರ್ರಿ, ಹೊರಗ ಗಾಳಿಗೆ ಕುಂದರೂಣು." ಇಬ್ಬರೂ ಮುಂಬಾಗಿಲು ದಾಟಿ ಹೊರಗಿನ ಜಗಲಿಯ ಮೇಲೆ ಕೂತರು. ಅವರ ಮಾತು ಸಣ್ಣಗೆ ನಡೆದದ್ದು ಕೇಳುತ್ತಿತ್ತು, ಏನೆಂದು ಕೇಳುತ್ತಿರಲಿಲ್ಲ.

ಒಳಗೆ ನಾನು, ನನ್ನ ಗಂಡ. ಅವನು ಮಡಚಿದ ಎಲೆಯನ್ನು ಬಾಯಿಗೆ ಹಾಕದೆ ಹಾಗೇ ಹಿಡಿದಿದ್ದ. ದಡ್ಡನಲ್ಲ ಅವನು.

"ಅದು ಅಕಿ ಮಾತಲ್ಲ," ಅಂದ. "ಕಲತ ಮಾತು. ಯಾರದು?"

"ನಂದು."

"ಯಾವಾಗಿಂದು?"

"ಅಕಿ ಹುಟ್ಟೂಕಿಂತ ಮೊದಲಿಂದು."

"ನನಗ ಯಾಕ ಹೇಳ್ಲಿಲ್ಲ?"

"ದಿನಾ ಹೇಳೀನಿ," ಅಂದೆ. ನನ್ನ ದನಿ ಏರಿತು. "ನಿಮ್ಮ ತಾಟಿನ ಮುಂದ ನಿಂತು ಹೇಳೀನಿ. ಇವತ್ತ ಮಧ್ಯಾನಾನೂ ಹೇಳೀನಿ. ಬಾಯಿ ಒಣಗೈತಿ ನೀರ ಕುಡಿ ಅಂದ್ರಿ."

"ಹಾಡು ನನಗೆಲ್ಲಿ ಕೇಳಬೇಕು? ನೀ ದೇವರ ಹಾಡು ಅಂತಿದ್ದಿ."

ಅದು ನಿಜ. ನಾನು ನಿಂತಲ್ಲೇ ನಿಂತು ಕಾದೆ. ಇಷ್ಟು ವರ್ಷ ನಾನು ಯಾವುದಕ್ಕೂ ಕಾದವಳಲ್ಲ, ಬೇಕಾದ್ದನ್ನು ಜಗಳಾಡಿ ಕಿತ್ತುಕೊಂಡವಳು. ಅಂದು ಕಾದೆ. ಅಳಿಯ ಕೇಳಿದ ಮಾತನ್ನೇ ಇವನೂ ಕೇಳಬೇಕು ಅಂತೇನಿರಲಿಲ್ಲ. ಬೈದಿದ್ದರೂ ಆಗುತ್ತಿತ್ತು. ಇದೆಂಥ ನಾಚಿಕೆಗೇಡಿ ಹೆಂಗಸು ಅಂತ ತಂಬಿಗೆ ಎಸೆದಿದ್ದರೂ ನಾನು ತಿರುಗಿ ಇನ್ನೊಂದು ಎಸೆದು, ಜಗಳವಾಗಿ, ಜಗಳದಲ್ಲಿ ಏನಾದರೂ ಹೊರಗೆ ಬೀಳುತ್ತಿತ್ತು. ಅವನು ಎಲೆಯನ್ನು ಬಾಯಿಗೆ ಹಾಕಿಕೊಂಡ. ಅಗಿದ. ಯೋಚನೆ ಮಾಡಿದ. ನನ್ನ ಕಡೆ ಒಮ್ಮೆ ನೋಡಿದ, ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಇರ್ಲಿ ಬಿಡು," ಅಂದ. "ಆಗಿದ್ದು ಆಗಿಹೋತು. ಈಗೇನು ನಾವು ಹುಡುಗರೇನು? ತಾಟ ಹಾಕು, ರೊಟ್ಟಿ ಆರಾಕತ್ತಾವು."

ಇಂಥ ಮಾತು ಅವನು ಮೊದಲು ಎಷ್ಟು ಸಲ ಆಡಿಲ್ಲ? ಆಡಿದಾಗಲೆಲ್ಲ ನಾನು ಒಲೆಯ ಮುಂದೆ ಹೋಗಿ, ಹಿಟ್ಟು ತಟ್ಟುತ್ತ ಹಾಡನ್ನು ಎತ್ತಿಕೊಳ್ಳುತ್ತಿದ್ದೆ. ಕೊನೆಯ ನುಡಿ ಮುಗಿಯುವಷ್ಟರಲ್ಲಿ ಮಾತಿನ ಮೊನೆ ಮುರಿದಿರುತ್ತಿತ್ತು. ರೊಟ್ಟಿಯೂ ಆಗಿರುತ್ತಿತ್ತು. ಅವತ್ತೂ ಕಾಲು ತಾವಾಗಿ ಒಲೆಯ ಕಡೆ ಹೋದವು. ಮಣೆ ಎಳೆದುಕೊಂಡು ಕೂತೆ, ಬಾಯಿ ತೆರೆದೆ. ಎಲ್ಲಿ ಉಸಿರು ಎಳೆಯಬೇಕು ಅನ್ನುವುದಷ್ಟೇ ನೆನಪಿತ್ತು. ಎಳೆದೆ. ಬಿಟ್ಟೆ. ಮತ್ತೆ ಎಳೆದೆ. ಅವನ ಮಾತು ಹೇಗೆ ಬಂದಿತ್ತೋ ಹಾಗೇ ಎದೆಯಲ್ಲಿ ಕೂತಿತ್ತು. ಅದರ ಹಿಂದೆ ಹಿಂದಿನ ವರ್ಷಗಳ ಮಾತುಗಳೆಲ್ಲ ಬಂದು ಕೂತವು, ಒಂದಾದ ಮೇಲೆ ಒಂದು, ಒಂದೂ ಹಗುರಾಗದೆ.

ತಾಟು ತೆಗೆದೆ. ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ, ಪಕ್ಕಕ್ಕೆ ಉಳ್ಳಾಗಡ್ಡಿ ಇಟ್ಟೆ. ತಂದು ಅವನ ಮುಂದಿಟ್ಟೆ. ಉಣ್ಣುವವನನ್ನು ಹಸಿದ ಹೊಟ್ಟೆಯಲ್ಲಿ ಬಿಟ್ಟು ಹೋದಳು ಅಂತ ಯಾರೂ ಅನ್ನಬಾರದು. ಆಮೇಲೆ ಗೂಟದ ಮೇಲಿನ ನನ್ನ ಹೊದಿಯುವ ಕವುದಿಯನ್ನು ಹೆಗಲಿಗೆ ಹಾಕಿಕೊಂಡೆ.

"ನೀರಿಗೆ ಹೊಂಟೇನು?" ಅಂತ ಕೇಳಿದ, ತಾಟಿನಿಂದ ತಲೆಯೆತ್ತದೆ.

"ಇಲ್ಲ," ಅಂದೆ. "ನಾ ಹೊಂಟೀನಿ. ಇನ್ನ ಬರೂದಿಲ್ಲ."

ಮಾತಿನಲ್ಲೇ ಅಂದೆ, ಬಿಡಿಬಿಡಿಯಾಗಿ. ಅವನಿಗೆ ಕೇಳಿಸಿತು. ರೊಟ್ಟಿಯ ತುಂಡು ಹಿಡಿದ ಕೈ ಬಾಯಿಗೂ ತಾಟಿಗೂ ನಡುವೆ ನಿಂತಿತು.

ಹೊರಗಿನ ಜಗಲಿಯ ಮೇಲೆ ಚಂಪವ್ವ ನನ್ನ ಕವುದಿ ನೋಡಿ ಎದ್ದುನಿಂತಳು. "ಯವ್ವಾ, ಎಲ್ಲಿಗೆ?" ಅಂದಳು. ಅಳಿಯನೂ ಎದ್ದ. ನಾನು ಅವಳ ಗಲ್ಲದ ನೀಲಿಯನ್ನು ಸೆರಗಿನಿಂದ ಒರೆಸಲು ನೋಡಿದೆ, ಅದು ಹೋಗುವುದಿಲ್ಲ ಅಂತ ಗೊತ್ತಿದ್ದೂ. ತಿಪ್ಪವ್ವನ ಕೋಣೆಯ ಕಡೆ ಕೈ ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಒಳಗಿನಿಂದ ನನ್ನ ಗಂಡ, "ಏ ಬಾಳವ್ವಾ" ಅಂತ ಕರೆದ. ನನ್ನ ಹೆಸರನ್ನು ಅವನ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಇನ್ನೊಮ್ಮೆ ಕರೆದ, ಸ್ವಲ್ಪ ಜೋರಾಗಿ. ನಾನು ಓಣಿಯ ತಿರುವು ದಾಟಿದೆ. ಆ ಹೊಸ್ತಿಲನ್ನು ಮತ್ತೆ ತುಳಿದಿಲ್ಲ.